ತುಕ್ಕು ಹಿಡಿದ ಜೀಪು: ಇಟ್ಟುಕೊಳ್ಳುವುದಾ, ಮಾರುವುದಾ?

ಮಳೆ ನಿಂತು ಅಂಗಳ ಒಣಗುತ್ತಿದ್ದ ಹಾಗೆ ನನಗೆ ಬರುವ ಪ್ರಶ್ನೆಗಳೆಲ್ಲ ಒಂದೇ ಥರ ಆಗಿಬಿಡುತ್ತವೆ. ಬಣ್ಣ ಉಬ್ಬಿದೆ, ಗುಳ್ಳೆ ಎದ್ದಿದೆ, ಏನು ಹಚ್ಚಲಿ? ಕಾರವಾರದಲ್ಲಿ ಗಾಡಿಗಳ ಬಾಡಿ ಕೆಲಸ ಮಾಡುತ್ತ ನನಗೆ ಇಪ್ಪತ್ತಾರು ವರ್ಷ ಆಯಿತು. ಏನು ಹಚ್ಚಬೇಕು ಅನ್ನುವುದು ಕೊನೆಗೆ ಕೇಳಬೇಕಾದ ಪ್ರಶ್ನೆ. ಅದನ್ನೇ ಮೊದಲು ಕೇಳಿ ದುಡ್ಡು ಕಳೆದುಕೊಂಡವರನ್ನು ನೋಡಿ ನೋಡಿ ಬೇಜಾರಾಗಿದೆ. ಅದಕ್ಕೇ ಈ ಸಲ ಒಂದು ಪ್ರಶ್ನೆಗೆ ಜಾಸ್ತಿ ಜಾಗ ಕೊಡುತ್ತೇನೆ. ಉಳಿದವರು ಬೇಸರ ಮಾಡಿಕೊಳ್ಳಬೇಡಿ.

ಪ್ರಶ್ನೆ: ಶಿರಸಿ ಹತ್ತಿರ ನಮ್ಮ ಅಡಿಕೆ ತೋಟ ಇದೆ. ಹೋದ ಡಿಸೆಂಬರಿನಲ್ಲಿ ಅಂಕೋಲಾ ಕಡೆಯವರೊಬ್ಬರಿಂದ 2013ರ ಫೋರ್ ವೀಲ್ ಡ್ರೈವ್ ಜೀಪು ತಗೊಂಡೆ. ನಾಲ್ಕೂಮುಕ್ಕಾಲು ಲಕ್ಷ ಕೊಟ್ಟೆ. ಆಗ ಬಣ್ಣ ಹೊಳೆಯುತ್ತಿತ್ತು. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಬಾಗಿಲಿನ ಕೆಳಗಿನ ಅಂಚು, ಮಡ್‌ಗಾರ್ಡ್, ಮುಂದಿನ ಗಾಜಿನ ಫ್ರೇಮ್ ಎಲ್ಲಾ ಕಡೆ ಗುಳ್ಳೆ ಎದ್ದಿವೆ. ಪುಟ್ಟಿ ಹಾಕಿ ಪೂರ್ತಿ ಪೇಂಟ್ ಮಾಡಲು ಟಿಂಕರ್ ಐವತ್ತೈದು ಸಾವಿರ ಕೇಳಿದ. ನಮ್ಮ ಭಾವ ಈಗಲೇ ಮಾರಿಬಿಡು ಅನ್ನುತ್ತಾನೆ. ಇಂಜಿನ್ ಚೆನ್ನಾಗಿದೆ, ನನಗೂ ಗಾಡಿ ಇಷ್ಟ. ಏನು ಮಾಡಲಿ?

ಉತ್ತರ: ಟಿಂಕರ್‌ಗೆ ಈಗಲೇ ದುಡ್ಡು ಕೊಡಬೇಡಿ. ಭಾವನ ಮಾತನ್ನೂ ಈಗಲೇ ಕೇಳಬೇಡಿ. ಅವರಿಬ್ಬರಲ್ಲಿ ಯಾರಾದರೂ ನಿಮ್ಮ ಗಾಡಿಯ ಅಡಿಗೆ ನುಸಿದು ನೋಡಿದ್ದಾರಾ? ನಿಮ್ಮ ಪತ್ರದಲ್ಲಿ ಆ ಮಾತೇ ಇಲ್ಲ.

ಮೊದಲು ಗುಳ್ಳೆಯ ವಿಷಯ. ಕಬ್ಬಿಣ ತುಕ್ಕಾದಾಗ ಮೊದಲಿಗಿಂತ ಎಷ್ಟೋ ಪಟ್ಟು ಜಾಸ್ತಿ ಜಾಗ ತಗೊಳ್ಳುತ್ತದೆ. ಅದೇ ಬಣ್ಣವನ್ನು ಒಳಗಿನಿಂದ ಮೇಲಕ್ಕೆ ನೂಕುತ್ತದೆ. ಹಾಗಾಗಿ ಗುಳ್ಳೆ ಕಂಡಾಗ ತುಕ್ಕು ಶುರುವಾಗಿದೆ ಅಂದುಕೊಳ್ಳಬೇಡಿ. ಅದು ತಗಡನ್ನು ಹಿಂದಿನಿಂದ ತಿನ್ನುತ್ತ ಬಂದು ಈಗ ಹೊರಗೆ ಮುಖ ತೋರಿಸಿದೆ ಅಷ್ಟೇ. ಹೊರಗೆ ರೂಪಾಯಿ ಅಗಲದ ಗುಳ್ಳೆ ಇದ್ದರೆ ಒಳಗೆ ಅಂಗೈ ಅಗಲ ಇರುತ್ತದೆ ಅಂತ ನಾನು ಲೆಕ್ಕ ಹಾಕಿಕೊಳ್ಳುತ್ತೇನೆ.

ಒಂದೇ ಮಳೆಗಾಲದಲ್ಲಿ ಮೂರು ಕಡೆ ಎದ್ದಿದೆ ಅಂದರೆ, ಮಾರುವ ಮೊದಲು ತುಕ್ಕಿನ ಮೇಲೇ ಬಣ್ಣ ಹೊಡೆಸಿರಬೇಕು. ಪರೀಕ್ಷೆ ಸುಲಭ. ಫ್ರಿಜ್ ಬಾಗಿಲಿಗೆ ಅಂಟಿಸುವ ಚಿಕ್ಕ ಆಯಸ್ಕಾಂತವನ್ನು ಕರ್ಚೀಫಿನಲ್ಲಿ ಸುತ್ತಿ ಬಾಗಿಲಿನ ಅಂಚಿನುದ್ದ ಸರಿಸಿ. ತಗಡು ಇರುವ ಕಡೆ ಹಿಡಿದುಕೊಳ್ಳುತ್ತದೆ, ಪುಟ್ಟಿ ದಪ್ಪ ಇರುವ ಕಡೆ ಜಾರಿ ಬೀಳುತ್ತದೆ. ದೊಡ್ಡ ಗ್ಯಾರೇಜುಗಳಲ್ಲಿ ಬಣ್ಣದ ದಪ್ಪ ಅಳೆಯುವ ಮೀಟರ್ ಇರುತ್ತದೆ. ಕಂಪನಿಯ ಬಣ್ಣ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್. ಮೀಟರ್ 500 ದಾಟಿದರೆ ಅಡಿಯಲ್ಲಿ ಪುಟ್ಟಿ ಇದೆ ಅಂತಲೇ ತಿಳಿಯಿರಿ.

ಆದರೆ ಇಟ್ಟುಕೊಳ್ಳಬೇಕಾ ಬೇಡವಾ ಅನ್ನುವುದು ಬಾಗಿಲಿನಿಂದ ತೀರ್ಮಾನ ಆಗುವುದಿಲ್ಲ. ಹಳೆ ಜೀಪು, ಜಿಪ್ಸಿ, ಥಾರ್, ಇವುಗಳಲ್ಲೆಲ್ಲ ಚಾಸಿ, ಅಂದರೆ ಅಡಿಯ ಕಬ್ಬಿಣದ ಚೌಕಟ್ಟು ಬೇರೆ, ಅದರ ಮೇಲೆ ಕೂರಿಸಿದ ಬಾಡಿ ಬೇರೆ. ಬಾಗಿಲು ಹೋದರೆ ಬೇರೆ ಬಾಗಿಲು ಸಿಗುತ್ತದೆ. ಮಡ್‌ಗಾರ್ಡ್ ಬೋಲ್ಟ್ ಬಿಚ್ಚಿ ಬದಲಾಯಿಸಬಹುದು. ಚಾಸಿ ಹೋಯಿತು ಅಂದರೆ ಗಾಡಿಯೇ ಹೋಯಿತು. ಇಂಜಿನ್ ಎಷ್ಟು ಚೆನ್ನಾಗಿದ್ದರೂ ಅದು ಕೂತಿರುವುದು ಚಾಸಿಯ ಮೇಲೆ ಅಲ್ವಾ?

ಒಂದು ಭಾನುವಾರ ಬಿಡುವು ಮಾಡಿಕೊಳ್ಳಿ. ಎರಡು ದಿನ ಮೊದಲೇ ಅಡಿಭಾಗವನ್ನು ಸಿಹಿನೀರಿನಲ್ಲಿ ತೊಳೆಸಿ ಒಣಗಲು ಬಿಡಿ. ಆಮೇಲೆ ಪಿಟ್ ಇರುವ ಸರ್ವಿಸ್ ಸ್ಟೇಷನ್‌ಗೆ ಒಯ್ಯಿರಿ. ಬರೀ ಜಾಕ್ ಮೇಲೆ ನಿಂತ ಗಾಡಿಯ ಅಡಿಗೆ ಯಾವತ್ತೂ ಹೋಗಬೇಡಿ. ಟಾರ್ಚು, ಚಿಕ್ಕ ಸುತ್ತಿಗೆ, ಒಂದು ಹಳೆ ಸ್ಕ್ರೂಡ್ರೈವರ್ ಇದ್ದರೆ ಸಾಕು. ಚಾಸಿಯ ಉದ್ದಕ್ಕೂ ಗೇಣು ಗೇಣಿಗೆ ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತ ಹೋಗಿ. ಗಟ್ಟಿ ಕಬ್ಬಿಣ ಟಣ್ ಅನ್ನುತ್ತದೆ. ಒಳಗೆ ತಿಂದ ಜಾಗ ದಬ್ ಅನ್ನುತ್ತದೆ, ಹಣ್ಣಾದ ಹಲಸಿನಕಾಯಿ ತಟ್ಟಿದ ಹಾಗೆ. ಆ ಜಾಗಕ್ಕೆ ಸ್ಕ್ರೂಡ್ರೈವರ್ ಒತ್ತಿ. ಮೇಲಿನ ಪುಡಿ ಉದುರಿ ಅಡಿಯಲ್ಲಿ ಗಟ್ಟಿ ಕಬ್ಬಿಣ ಸಿಕ್ಕಿದರೆ ಅದು ಮೇಲ್ಮೈ ತುಕ್ಕು, ಹೆದರಬೇಡಿ. ತೊಡದೇವಿನ ಹಾಗೆ ಪದರ ಪದರ ಬಿಟ್ಟುಕೊಂಡು ಬಂದರೆ ಯೋಚನೆ ಮಾಡಬೇಕು. ತುದಿ ಒಳಗೇ ಹೋಯಿತು ಅಂದರೆ ಅಲ್ಲಿಗೆ ಪರೀಕ್ಷೆ ಮುಗಿಯಿತು.

ಎಲ್ಲಕ್ಕಿಂತ ಮುಖ್ಯವಾಗಿ ನೋಡಬೇಕಾದ್ದು ಹಿಂದಿನ ಚಕ್ರದ ಮೇಲೆ ಚಾಸಿ ಬಾಗುವ ಜಾಗ, ಸ್ಪ್ರಿಂಗಿನ ಬ್ರ್ಯಾಕೆಟ್‌ಗಳು, ಸ್ಟಿಯರಿಂಗ್ ಬಾಕ್ಸ್ ಕೂತ ಜಾಗ, ಬಾಡಿ ಮೌಂಟಿಂಗ್ ರಬ್ಬರ್ ಸುತ್ತಮುತ್ತ. ಚಾಸಿಯ ತೂತುಗಳಿಗೆ ಬೆರಳು ಹಾಕಿ ನೋಡಿ. ಮೊನ್ನೆ ಒಂದು ಜೀಪಿನ ತೂತಿನಿಂದ ನಾನು ಒಂದು ಬೊಗಸೆ ತೆಗೆದೆ. ಹೊಯಿಗೆ, ಕೆಂಪು ಮಣ್ಣು, ಕೊಳೆತ ದರಕು. ಮಳೆ ನಿಂತು ತಿಂಗಳಾಗಿತ್ತು, ಆದರೂ ಹಿಂಡಿದರೆ ನೀರು ಬರುತ್ತಿತ್ತು. ಚಾಸಿ ಒಳಗಿನಿಂದ ಸಾಯುವುದು ಹೀಗೆ. ಆಮೇಲೆ ಕಾಲಡಿಯ ಮ್ಯಾಟ್ ಎತ್ತಿ, ಡ್ರೈವರ್ ಹಿಮ್ಮಡಿ ಊರುವ ಜಾಗ ನೋಡಿ. ಸೀಟ್ ಬೆಲ್ಟ್ ಬೋಲ್ಟ್ ಕೂತ ತಗಡು ನೋಡಿ. ಬ್ರೇಕ್ ಪೈಪನ್ನು ಕ್ಲಿಪ್ ಹಿಡಿದಿರುವ ಕಡೆಯೆಲ್ಲ ಬೆರಳಿನಿಂದ ಸವರಿ. ಒರಟಾಗಿ ಉಬ್ಬಿದ್ದರೆ ಇಟ್ಟುಕೊಳ್ಳುವ, ಮಾರುವ ಮಾತು ಆಮೇಲೆ. ಮೊದಲು ಆ ಪೈಪ್ ಬದಲಾಯಿಸಿ, ಅಲ್ಲಿ ತನಕ ಘಟ್ಟ ಇಳಿಯಬೇಡಿ.

ಈಗ ತೀರ್ಮಾನ. ಚಾಸಿ ಉದ್ದಕ್ಕೂ ಟಣ್ ಅಂದರೆ ಗಾಡಿ ಇಟ್ಟುಕೊಳ್ಳಿ. ಬಾಗಿಲು ಎರಡೂ ಹೋಗಿದ್ದರೂ ಇಟ್ಟುಕೊಳ್ಳಿ. ಅಡ್ಡಪಟ್ಟಿಯಂಥ ಒಂದೆರಡು ಬಿಡಿ ಜಾಗದಲ್ಲಿ ಮಾತ್ರ ಪದರ ಬಿಟ್ಟಿದ್ದರೆ, ಚಾಸಿ ಕೆಲಸ ಗೊತ್ತಿದ್ದವರಿಗೆ ತೋರಿಸಿ ಖರ್ಚು ಕೇಳಿ. ಗಾಡಿಯ ಬೆಲೆಯ ಮೂರರಲ್ಲಿ ಒಂದು ಪಾಲು ದಾಟಿದರೆ ಬೇಡ. ಇದು ನನ್ನದೇ ಲೆಕ್ಕ. ಉದ್ದದ ಎರಡು ಪಟ್ಟಿಗಳಲ್ಲಿ, ಅದೂ ಸ್ಪ್ರಿಂಗ್ ಬ್ರ್ಯಾಕೆಟ್ ಹತ್ತಿರ ತೂತು ಬಿದ್ದಿದ್ದರೆ ಇಟ್ಟುಕೊಳ್ಳಬೇಡಿ. ತೇಪೆ ವೆಲ್ಡಿಂಗ್ ಮಾಡಿಸುತ್ತೇನೆ ಅನ್ನಬೇಡಿ. ತಿಂದು ತೆಳ್ಳಗಾದ ಕಬ್ಬಿಣಕ್ಕೆ ಹೊಸ ಪ್ಲೇಟ್ ಅಂಟಿಸಿದರೆ, ವೆಲ್ಡಿಂಗ್ ಮುಗಿಯುವ ಅಂಚಿನಲ್ಲೇ ಮತ್ತೆ ಸೀಳುತ್ತದೆ.

ನಾನು ಇಷ್ಟು ಗಟ್ಟಿಯಾಗಿ ಹೇಳುವುದಕ್ಕೆ ಕಾರಣ ಇದೆ. ಹಲವು ವರ್ಷದ ಹಿಂದೆ ಹೀಗೇ ತೇಪೆ ಹಾಕಿದ ಜೀಪೊಂದು ದೇವಿಮನೆ ಘಟ್ಟ ಇಳಿಯುವಾಗ ಹಿಂದಿನ ಸ್ಪ್ರಿಂಗ್ ಬ್ರ್ಯಾಕೆಟ್ ಕಿತ್ತುಕೊಂಡಿತು. ಅದನ್ನು ತರಲು ನಾನೇ ಹೋಗಿದ್ದೆ. ಗಾಡಿ ಗುಡ್ಡದ ಕಡೆಯ ಚರಂಡಿಗೆ ಇಳಿದು ನಿಂತಿತ್ತು. ಒಳಗಿದ್ದ ತಾಯಿ ಮಗು ಇಬ್ಬರೂ ಉಳಿದರು. ಕಣಿವೆಯ ಕಡೆ ಎಳೆದಿದ್ದರೆ ಏನಾಗುತ್ತಿತ್ತು ಅಂತ ಈಗಲೂ ಯೋಚನೆ ಬರುತ್ತದೆ. ಆ ದಿನದಿಂದ ನಮ್ಮ ಗ್ಯಾರೇಜಿನಲ್ಲಿ ಚಾಸಿಯ ಉದ್ದಪಟ್ಟಿಗೆ ತೇಪೆ ಹಾಕುವುದಿಲ್ಲ, ಯಾರು ಎಷ್ಟು ಕೊಟ್ಟರೂ.

ನಿಮ್ಮ ತೋಟದ ವಿಷಯವೂ ಹೇಳಬೇಕು. ಶಿರಸಿಯಲ್ಲಿ ಸಮುದ್ರ ಇಲ್ಲ, ಇನ್ನು ತುಕ್ಕಿನ ಭಯ ಇಲ್ಲ ಅಂದುಕೊಂಡಿರಬಹುದು. ಅಂಕೋಲೆಯಲ್ಲಿ ಸೇರಿಕೊಂಡ ಉಪ್ಪು ಇನ್ನೂ ಗಾಡಿಯ ಸಂದುಗಳಲ್ಲೇ ಇದೆ. ಮಳೆಗಾಲದಲ್ಲಿ ಅಡುಗೆಮನೆಯ ಉಪ್ಪಿನ ಭರಣಿ ನೀರೊಡೆಯುವುದಿಲ್ವಾ? ಗಾಳಿಯ ತೇವ ನೂರಕ್ಕೆ 75 ದಾಟಿದರೆ ಉಪ್ಪು ತಾನಾಗಿಯೇ ನೀರು ಎಳೆದುಕೊಳ್ಳುತ್ತದೆ. ಶಿರಸಿಯ ಮಳೆಗಾಲ ಪೂರ್ತಿ ಹಾಗೇ ಇರುತ್ತದೆ. ಅದರ ಮೇಲೆ ನೀವು ಹಿಂದೆ ಏನು ಹೇರುತ್ತೀರಿ ನೋಡಿ. ಪೊಟ್ಯಾಶ್ ಗೊಬ್ಬರವೂ ಒಂದು ಥರದ ಉಪ್ಪೇ, ಚೀಲ ಒಡೆದು ಬಿದ್ದರೆ ಸಮುದ್ರದ ಉಪ್ಪಿನಷ್ಟೇ ಕೆಟ್ಟದ್ದು. ಮೈಲುತುತ್ತದ ನೀರು ಇನ್ನೂ ಕೆಟ್ಟದ್ದು. ಅಡಿಕೆಗೆ ಹೊಡೆಯಲು ಮೈಲುತುತ್ತ, ಸುಣ್ಣ ಸೇರಿಸಿದ ಕೊಳೆ ಔಷಧಿಯ ಹದ ನೋಡಲು ಕತ್ತಿಯ ತುದಿ ಅದ್ದುತ್ತೀರಿ, ಸುಣ್ಣ ಸಾಲದಿದ್ದರೆ ಕತ್ತಿ ಕೆಂಪಾಗುತ್ತದೆ. ಕೆಂಪಾಗುವುದು ತಾಮ್ರ ಕೂತು. ತಾಮ್ರ ಕೂರುವಾಗ ಅಷ್ಟು ಕಬ್ಬಿಣ ಕರಗಿ ನೀರಿಗೆ ಹೋಗಿರುತ್ತದೆ. ಅದೇ ನೀರು ಜೀಪಿನ ತಗಡಿನ ಮೇಲೆ ಚೆಲ್ಲಿದರೂ ಅಷ್ಟೇ. ಔಷಧಿ ಡ್ರಮ್, ಗೊಬ್ಬರ ಹೇರುವುದಿದ್ದರೆ ಅಡಿಗೆ ದಪ್ಪ ರಬ್ಬರ್ ಶೀಟ್ ಹಾಸಿ. ಸಂಜೆ ಶೀಟ್ ಎತ್ತಿ ತೊಳೆಯಿರಿ. ಕೊಟ್ಟಿಗೆಗೆ ತಾಗಿಸಿ ಗಾಡಿ ನಿಲ್ಲಿಸುವುದನ್ನು ಬಿಡಿ.

ಇಟ್ಟುಕೊಳ್ಳುವುದು ಅಂತಾದರೆ ಕೆಲಸ ಜನವರಿಯಿಂದ ಮಾರ್ಚ್ ಒಳಗೆ ಮಾಡಿಸಿ. ಮೇ ಕೊನೆಗೆ ಓಡಿ ಬರಬೇಡಿ, ತೇವದಲ್ಲಿ ಮಾಡಿದ ಕೆಲಸ ನಿಲ್ಲುವುದಿಲ್ಲ. ತಿಂದ ತಗಡನ್ನು ಕತ್ತರಿಸಿ ಹೊಸ ತಗಡು ಹಾಕಬೇಕು. ಮೊದಲು ಎಪಾಕ್ಸಿ ಪ್ರೈಮರ್, ಅದರ ಮೇಲೆ ಬೇಕಿದ್ದಷ್ಟೇ ಪುಟ್ಟಿ, ಆಮೇಲೆ ಬಣ್ಣ. ಬರಿಗಬ್ಬಿಣಕ್ಕೆ ನೇರ ಪುಟ್ಟಿ ಹಾಕಿದರೆ ಅದು ಸ್ಪಂಜಿನ ಹಾಗೆ ನೀರು ಹಿಡಿದುಕೊಳ್ಳುತ್ತದೆ. ಬಾಗಿಲಿನ ಒಳಗೆ, ಚಾಸಿಯ ಒಳಗೆ ಮೇಣದಂಥ ಕ್ಯಾವಿಟಿ ವ್ಯಾಕ್ಸ್ ಹೊಡೆಸಿ. ಬಾಗಿಲಿನ ಅಡಿಯ ನೀರು ಹೋಗುವ ತೂತು ಮುಚ್ಚದ ಹಾಗೆ ನೋಡಿಕೊಳ್ಳಿ. ಟಿಂಕರ್‌ಗೆ ಒಂದೇ ಶರತ್ತು ಹಾಕಿ: ಪ್ರೈಮರ್ ಹೊಡೆಯುವ ಮೊದಲು ಬರಿ ತಗಡನ್ನು ನಾನು ನೋಡಬೇಕು. ಒಪ್ಪದಿದ್ದರೆ ಬೇರೆಯವರನ್ನು ಹುಡುಕಿ.

ಇನ್ನೊಂದು ಲೆಕ್ಕ. ನಿಮ್ಮ ಗಾಡಿಯ ನೋಂದಣಿಗೆ 2028ಕ್ಕೆ 15 ವರ್ಷ ತುಂಬುತ್ತದೆ. ಆಮೇಲೆ ಓಡಿಸಬೇಕೆಂದರೆ ಗಾಡಿ ತೋರಿಸಿ ನವೀಕರಿಸಬೇಕು, ಅದು ಐದು ವರ್ಷಕ್ಕೆ. ಚಾಸಿ ಮೇಲೆ ಕೊರೆದ ನಂಬರ್ ತುಕ್ಕಿಗೆ ಅಳಿಸಿದ್ದರೆ ಅಲ್ಲಿ ತೊಂದರೆ. ಇವತ್ತೇ ಆ ಜಾಗ ಒರೆಸಿ, ನಂಬರ್ ಓದಲು ಬರುತ್ತದಾ ನೋಡಿ, ಗ್ರೀಸ್ ಹಚ್ಚಿ ಇಡಿ.

ಮಾರುವುದಾದರೆ ಗುಳ್ಳೆ ಇದ್ದ ಹಾಗೇ ಮಾರಿ. ಬಣ್ಣ ಹೊಡೆಸಿ ಮಾರಬೇಡಿ. ನಿಮಗೆ ಆದದ್ದು ಇನ್ನೊಬ್ಬರಿಗೆ ಆಗುವುದು ಬೇಡ. ಚಾಸಿಯೇ ಹೋಗಿದ್ದರೆ ಓಡಿಸುವವರಿಗೆ ಕೊಡಲೇಬೇಡಿ. ಇಂಜಿನ್, ಗೇರ್‌ಬಾಕ್ಸ್ ಬಿಡಿಯಾಗಿ ಮಾರಿ, ಉಳಿದದ್ದನ್ನು ಕ್ರಮ ಪ್ರಕಾರ ಗುಜರಿಗೆ ಹಾಕಿ ನೋಂದಣಿ ರದ್ದು ಮಾಡಿಸಿ.

ಪ್ರಶ್ನೆ: ಗಾಡಿಯ ಅಡಿಗೆ ಕಪ್ಪು ಕೋಟಿಂಗ್ ಹೊಡೆಸಿದರೆ ತುಕ್ಕು ನಿಲ್ಲುತ್ತದಾ? ಕುಮಟಾದಲ್ಲಿ ಒಬ್ಬರು ಅರ್ಧ ದಿನದಲ್ಲಿ ಮಾಡಿಕೊಡುತ್ತೇನೆ ಅಂದರು.

ಉತ್ತರ: ಹೊಸ ಗಾಡಿಗೆ, ಒಣಗಿದ ಶುದ್ಧ ಕಬ್ಬಿಣಕ್ಕೆ ಒಳ್ಳೆಯದು. ತುಕ್ಕಿನ ಮೇಲೆ ಹೊಡೆದರೆ ಒಳಗಿನ ಉಪ್ಪು, ನೀರು ಎರಡನ್ನೂ ಅಲ್ಲೇ ಮುಚ್ಚಿಟ್ಟ ಹಾಗೆ. ಹೊರಗಿನಿಂದ ಕರ್‍ರಗೆ ಚಂದ ಕಾಣುತ್ತದೆ, ಎರಡು ವರ್ಷಕ್ಕೆ ಅಂಗೈಯಷ್ಟು ದೊಡ್ಡ ಚಕ್ಕೆ ಕಬ್ಬಿಣವನ್ನೂ ಕಟ್ಟಿಕೊಂಡೇ ಬೀಳುತ್ತದೆ. ಬೆಳಿಗ್ಗೆ ತೊಳೆದು ಮಧ್ಯಾಹ್ನ ಕೋಟಿಂಗ್ ಹೊಡೆಯುವವರನ್ನು ನಂಬಬೇಡಿ. ಅಡಿಭಾಗ ಒಣಗುವುದಕ್ಕೇ ಅರ್ಧ ದಿನ ಸಾಲುವುದಿಲ್ಲ. ಸೆಕೆಂಡ್ ಹ್ಯಾಂಡ್ ಗಾಡಿ ತಗೊಳ್ಳುವಾಗ ಅಡಿಯಲ್ಲಿ ಹೊಸ ಕಪ್ಪು ಕೋಟಿಂಗ್ ಕಂಡರೆ ನಾನಂತೂ ಎರಡು ಸಲ ಸುತ್ತಿಗೆ ತಟ್ಟುತ್ತೇನೆ.

ಪ್ರಶ್ನೆ: ಬ್ಯಾಟರಿಗೆ ಜೋಡಿಸುವ, ತುಕ್ಕು ತಡೆಯುವ ಎಲೆಕ್ಟ್ರಾನಿಕ್ ಡಬ್ಬಿ ತಗೊಳ್ಳಬಹುದಾ? ಟ್ರಾಲರ್‌ಗಳಲ್ಲೂ ಇದೇ ತಂತ್ರ ಅಂತ ಮಾರುವವರು ಹೇಳಿದರು.

ಉತ್ತರ: ಬೇಡ. ಟ್ರಾಲರ್ ಅಡಿಗೆ ಕಟ್ಟುವ ಜಿಂಕ್ ತುಂಡು ಕೆಲಸ ಮಾಡುವುದು ಅದೂ ಹಡಗಿನ ಕಬ್ಬಿಣವೂ ಒಂದೇ ಸಮುದ್ರದ ನೀರಿನಲ್ಲಿ ಮುಳುಗಿರುತ್ತವೆ ಅಂತ. ಆ ನೀರಿನಲ್ಲೇ ಕರೆಂಟ್ ಹರಿದು, ಕಬ್ಬಿಣದ ಬದಲು ಜಿಂಕ್ ಕರಗುತ್ತದೆ. ನಿಮ್ಮ ಗಾಡಿ ಗಾಳಿಯಲ್ಲಿ ನಿಂತಿದೆ. ಅರ್ಧ ತಿಳಿದ ವಿಜ್ಞಾನ ಹೇಳಿ ಬಡವರಿಂದ ದುಡ್ಡು ಕೀಳುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಪ್ರಶ್ನೆ: ಕಾರವಾರದ ಕೆಎ-30 ಗಾಡಿ ಬೇಡ, ಶಿರಸಿಯ ಕೆಎ-31 ತಗೋ ಅನ್ನುತ್ತಾರೆ. ಘಟ್ಟದ ಮೇಲಿನ ಗಾಡಿಗೆ ತುಕ್ಕು ಇರುವುದಿಲ್ವಾ?

ಉತ್ತರ: ನಂಬರ್ ಪ್ಲೇಟ್ ಯಾವ ಆಫೀಸಿನಲ್ಲಿ ನೋಂದಣಿ ಆಯಿತು ಅಂತ ಮಾತ್ರ ಹೇಳುತ್ತದೆ. ಗಾಡಿ ಎಲ್ಲಿ ನಿಂತಿತ್ತು ಅಂತ ಹೇಳುವುದಿಲ್ಲ.

ಪ್ರಶ್ನೆ: ಸುಟ್ಟ ಇಂಜಿನ್ ಆಯಿಲ್ ಇಲ್ಲವೇ ದೋಣಿಗೆ ಹಚ್ಚುವ ಗೇರೆಣ್ಣೆ ಚಾಸಿಗೆ ಹಚ್ಚಬಹುದಾ?

ಉತ್ತರ: ಎರಡೂ ಬೇಡ. ಗೇರೆಣ್ಣೆ ಮರಕ್ಕೆ. ಸುಟ್ಟ ಆಯಿಲ್ ರಬ್ಬರ್ ಬುಶ್‌ಗಳನ್ನು ಹಾಳು ಮಾಡುತ್ತದೆ, ಮಳೆಗೆ ತೊಳೆದು ನಿಮ್ಮದೇ ಬಾವಿಗೆ ಹೋಗುತ್ತದೆ.

ಪ್ರಶ್ನೆ: ಗುಳ್ಳೆಯ ಮೇಲೆ ಸೆರಾಮಿಕ್ ಕೋಟಿಂಗ್ ಮಾಡಿಸಲಾ? ತುಕ್ಕಿಗೆ ಇನ್ಶೂರೆನ್ಸ್ ಸಿಗುತ್ತದಾ?

ಉತ್ತರ: ಮಾಡಿಸಬೇಡಿ. ಸಿಗುವುದಿಲ್ಲ.

ಪ್ರಶ್ನೆ: ಮಾಜಾಳಿ, ದೇವಬಾಗ ಕಡೆ ಕಡಲತೀರದ ಹೊಯಿಗೆಯ ಮೇಲೆ ಜೀಪು ಓಡಿಸಿದೆವು. ಸ್ವಲ್ಪ ನೀರಿಗೂ ಇಳಿಯಿತು. ಈಗ ಏನು ಮಾಡಬೇಕು?

ಉತ್ತರ: ಮೊದಲನೆಯದಾಗಿ, ಇನ್ನೊಮ್ಮೆ ಹೋಗಬೇಡಿ. ಜನ ನಡೆಯುವ, ಬಲೆ ಎಳೆಯುವ ಜಾಗ ಅದು. ಗಾಡಿಗೆ ಇವತ್ತೇ ಸಿಹಿನೀರು ಹೊಡೆಸಿ, ನಾಳೆಗೆ ಇಡಬೇಡಿ. ಕಾಳಿ ನದಿಯ ದಡದಲ್ಲಿ ತೊಳೆಯುವುದೂ ಬೇಡ, ಸದಾಶಿವಗಡದ ಹತ್ತಿರ ಅದರ ನೀರೂ ಉಪ್ಪೇ. ಮೇಲಿನ ಬಣ್ಣ ತೊಳೆಯುತ್ತ ಹೊತ್ತು ಕಳೆಯಬೇಡಿ. ಪೈಪನ್ನು ಚಾಸಿಯ ತೂತಿಗೇ ಇಟ್ಟು, ಒತ್ತಡ ಕಡಿಮೆ ಮಾಡಿ ನಿಧಾನ ನೀರು ಬಿಡಿ. ಮೊದಲು ಹೊಯಿಗೆ ಬರುತ್ತದೆ, ಆಮೇಲೆ ಕೆಂಪು ನೀರು. ತಿಳಿ ನೀರು ಬರುವ ತನಕ ಪೈಪ್ ತೆಗೆಯಬೇಡಿ.