ಮ್ಯಾಡ್, ಕ್ರೇಜಿ, ಇನ್ಸೇನ್, ಲೂನಟಿಕ್: ಎಲ್ಲವೂ ಹುಚ್ಚೇ ಅಲ್ವಾ?

ಹುಚ್ಚೇ, ಆದರೆ ಬಳಸುವ ಜಾಗ ಬೇರೆ ಬೇರೆ. ಕ್ರೇಜಿ ಹಗುರ ಮಾತು. ಇನ್ಸೇನ್ ಕೋರ್ಟಿನ ಪದ, ಅಪರಾಧ ಮಾಡುವಾಗ ಬುದ್ಧಿ ಸ್ಥಿಮಿತದಲ್ಲಿ ಇರಲಿಲ್ಲ ಅನ್ನುವ ವಾದಕ್ಕೆ ಬರುತ್ತದೆ. ಮ್ಯಾಡ್ ಅಂದರೆ ಬ್ರಿಟನ್ನಿನಲ್ಲಿ ಹುಚ್ಚು, ಅಮೆರಿಕದಲ್ಲಿ ಹೆಚ್ಚಾಗಿ ಸಿಟ್ಟು.

ಕ್ರೇಜಿ ಯಾಕೆ ಹಗುರ? ನನಗನ್ನಿಸುವುದು, ಅದರ ಹುಟ್ಟೇ ಹಾಗೆ. ಕ್ರೇಜ್ ಅಂದರೆ ಮೊದಲು ಒಡೆಯುವುದು, ಬಿರುಕು ಬಿಡುವುದು. ನಮ್ಮ ಶಿರಸಿ ಮನೆಯಲ್ಲೊಂದು ಹಳೇ ಪಿಂಗಾಣಿ ಕಪ್ ಇದೆ. ಹೊಳಪಿನ ತುಂಬ ಕೂದಲೆಳೆಯಂಥ ಗೆರೆಗಳು. ಅದಕ್ಕೆ ಈಗಲೂ ಕ್ರೇಜಿಂಗ್ ಅಂತಾರೆ. ಗೆರೆ ಬಿದ್ದಿದೆ, ಆದರೆ ಚಾ ಸೋರುವುದಿಲ್ಲ! ಹಾಗಾಗಿ ಮಾರಿಕಾಂಬಾ ಜಾತ್ರೆಯ ಜನಜಂಗುಳಿಯನ್ನು ಕ್ರೇಜಿ ಅಂದರೆ ಯಾರಿಗೂ ಬೇಜಾರಿಲ್ಲ. ಯಾಣದ ಬಂಡೆ ನೋಡಿ ಹುಡುಗರು ಸುಮ್ನೆ ಇನ್ಸೇನ್ ಅಂತಾರೆ, ಅದೂ ನಡೆಯುತ್ತದೆ.

ಲೂನಟಿಕ್ ಮಾತ್ರ ಬೇಡ. ಲ್ಯಾಟಿನ್‌ನಲ್ಲಿ ಲೂನಾ ಅಂದರೆ ಚಂದ್ರ. ಅಮಾವಾಸ್ಯೆ, ಹುಣ್ಣಿಮೆಗೆ ಹುಚ್ಚು ಕೆರಳುತ್ತದೆ ಅಂತ ನಮ್ಮಲ್ಲೂ ಹಿರಿಯರು ಹೇಳ್ತಾರಲ್ಲ, ಅದೇ ನಂಬಿಕೆ. 1912ರ ಭಾರತದ ಕಾಯ್ದೆಯ ಹೆಸರಲ್ಲೇ ಲೂನಸಿ ಅಂತಿತ್ತು. ಆಮೇಲೆ 1987ರ ಮಾನಸಿಕ ಆರೋಗ್ಯ ಕಾಯ್ದೆ ಅದರ ಜಾಗಕ್ಕೆ ಬಂತು. ಈಗ ಲೂನಟಿಕ್ ಬರೀ ಬೈಗುಳ.