ಆಯ್ಕೆಯಾಗದ ಹುಡುಗಿಯರ ಗತಿ ಏನು? – ಅನಿಮೆ ಪ್ರಶ್ನೋತ್ತರ

ಪ್ರಶ್ನೆ: ವಿಷುಯಲ್ ನಾವೆಲ್ ಗೇಮ್‌ಗಳಿಂದ ಬಂದ ಹ್ಯಾರೆಮ್ ಅನಿಮೆಗಳನ್ನು ಈಚೆಗೆ ಒಂದರ ಹಿಂದೆ ಒಂದು ನೋಡ್ತಿದ್ದೇನೆ. ಒಬ್ಬ ಹುಡುಗ, ಅವನ ಸುತ್ತ ನಾಲ್ಕೈದು ಹುಡುಗಿಯರು. ಎಲ್ಲ ಒಂದೇ ಥರ ಅನಿಸುತ್ತದೆ. ಗೇಮ್ ಆಡಿರುವ ನನ್ನ ಗೆಳೆಯ ಮಾತ್ರ ಯಾವುದನ್ನು ತೋರಿಸಿದರೂ “ಗೇಮ್‌ನಲ್ಲಿದ್ದ ಅರ್ಧ ಇದರಲ್ಲಿ ಬಂದೇ ಇಲ್ಲ, ಕಳಪೆ” ಅಂತಾನೆ. ಇವುಗಳಲ್ಲಿ ಯಾವುದು ಒಳ್ಳೆಯದು ಅಂತ ಅಳೆಯುವುದು ಹೇಗೆ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಗೆಳೆಯರ ಅಳತೆಗೋಲು ಬೇಡ. ಅರ್ಧ ಬಂದಿಲ್ಲ ಅನ್ನುವುದು ನಿಜ, ಪೂರ್ತಿ ಬರುವುದಕ್ಕೆ ಸಾಧ್ಯವೂ ಇಲ್ಲ. ಈ ಗೇಮ್‌ಗಳಲ್ಲಿ ಕಥೆ ಓದುತ್ತಾ ಹೋಗುತ್ತೀರಿ, ಅದು ಅಲ್ಲಲ್ಲಿ ನಿಂತು ಈಗೇನು ಮಾಡ್ತೀಯ ಅಂತ ಕೇಳುತ್ತದೆ. ನೀವು ಆರಿಸಿದ್ದರ ಮೇಲೆ ಒಬ್ಬ ಹುಡುಗಿಯ ರೂಟ್, ಅಂದರೆ ಅವಳ ಕಥೆಯ ದಾರಿ, ತೆರೆದುಕೊಳ್ಳುತ್ತದೆ. ಮಿಕ್ಕವರ ಕಥೆ ಬೇಕಾದರೆ ಮತ್ತೆ ಮೊದಲಿಂದ ಆಡಬೇಕು. ಟಿವಿ ಸರಣಿಗೆ ಆ ಸೌಕರ್ಯ ಇಲ್ಲ, ಅದು ಒಂದೇ ಸಲ ಓಡುತ್ತದೆ. ಹಾಗಾಗಿ ಒಬ್ಬಳನ್ನು ಬಿಟ್ಟು ಉಳಿದವರಿಗೆ ಅನ್ಯಾಯ ಆಗಿಯೇ ಆಗುತ್ತದೆ. ಆ ಅನ್ಯಾಯವನ್ನು ಹೇಗೆ ನಿಭಾಯಿಸಿದ್ದಾರೆ ಅನ್ನುವುದನ್ನೇ ನಾನು ನೋಡುವುದು. ನಾಯಕಿಯರು ಎಷ್ಟು ಜನ, ಚಿತ್ರ ಎಷ್ಟು ಚಂದ, ಇವೆಲ್ಲ ಆಮೇಲಿನ ಮಾತು.

‘ಕಾನೊನ್’ ತೆಗೆದುಕೊಳ್ಳಿ. ಗೇಮ್ ಬಂದದ್ದು 1999ರಲ್ಲಿ. ಅದನ್ನು ಎರಡು ಸಲ ಅನಿಮೆ ಮಾಡಿದರು, ಹಾಗಾಗಿ ಹೋಲಿಸಿ ನೋಡುವುದಕ್ಕೆ ಇದಕ್ಕಿಂತ ಒಳ್ಳೆಯದು ಸಿಗುವುದಿಲ್ಲ. 2002ರದ್ದು ಟೋಯಿ ಸ್ಟುಡಿಯೊದವರದು, 13 ಕಂತು. 2006ರದ್ದು ಕ್ಯೋಟೊ ಅನಿಮೇಶನ್ ಮಾಡಿದ್ದು, 24 ಕಂತು. ಮೊದಲನೆಯದರಲ್ಲಿ ಎಲ್ಲರ ದುಃಖವೂ ಒಟ್ಟಿಗೆ ನುಗ್ಗಿ ಬರುತ್ತದೆ, ಯಾರಿಗಾಗಿ ಅಳಬೇಕು ಅಂತಲೇ ಗೊತ್ತಾಗುವುದಿಲ್ಲ. ಎರಡನೆಯದರಲ್ಲಿ ಶಿಯೊರಿಯ ಕಾಯಿಲೆಗೆ ಜಾಗ ಇದೆ, ರಾತ್ರಿ ಹೊತ್ತು ಶಾಲೆಯಲ್ಲಿ ಕತ್ತಿ ಹಿಡಿದು ನಿಲ್ಲುವ ಮಾಯ್‌ಗೂ ಜಾಗ ಇದೆ. ಆದರೆ ಕಂತು ಹೆಚ್ಚಿದ್ದಷ್ಟೇ ಕಾರಣ ಅಲ್ಲ. ನಾಯಕ ಯೂಯಿಚಿ ಇಲ್ಲಿ ಇವರೆಲ್ಲರ ಪ್ರೇಮಿ ಆಗಲು ಹೋಗುವುದಿಲ್ಲ. ಕಷ್ಟಕ್ಕೆ ಜೊತೆಗೆ ನಿಲ್ಲುವ ಗೆಳೆಯನಾಗುತ್ತಾನೆ, ಪ್ರೀತಿ ಮುಖ್ಯ ನಾಯಕಿ ಅಯು ಕಡೆಗೆ ಉಳಿಯುತ್ತದೆ. ಜೊತೆಗೆ ಅವನ ಬಾಯಿ ಬೇರೆ! ಸುಮ್ನೆ ಎಲ್ಲರ ಕಾಲೆಳೆಯುತ್ತಾನೆ, ಅವನಿಗೆ ದನಿ ಕೊಟ್ಟ ತೊಮೊಕಾಜು ಸುಗಿತಾ ಅದನ್ನು ತುಂಬಾ ಮಜವಾಗಿ ಹೇಳಿದ್ದಾರೆ. ಇಷ್ಟಾದರೂ ಒಂದು ಕೊಸರು ಉಳಿಯುತ್ತದೆ. ಒಬ್ಬಳ ಕಥೆ ಮುಗಿದ ಮೇಲೆ ಅವಳು ಹಿಂದಕ್ಕೆ ಸರಿದು, ಅವನು ಮುಂದಿನವಳ ಸಮಸ್ಯೆಗೆ ಹೊರಟುಬಿಡುತ್ತಾನೆ. ಎದೆ ಒಡೆಯುವಂಥ ಕಂತಿನ ನಂತರ ಅಷ್ಟು ಬೇಗ ಚೇತರಿಸಿಕೊಳ್ಳೋದು ಹೇಗಪ್ಪಾ ಅನಿಸದೇ ಇರುವುದಿಲ್ಲ.

ಇಲ್ಲಿ ನಾಯಕನ ಬಗ್ಗೆ ಒಂದು ಮಾತು. ಗೇಮ್‌ನಲ್ಲಿ ಅವನು ಸಪ್ಪೆಯಾಗಿದ್ದರೂ ನಡೆಯುತ್ತದೆ, ಅವನ ಜಾಗದಲ್ಲಿ ಕೂತು ನಿರ್ಧಾರ ಮಾಡುವವರು ನೀವು. ಅದೇ ಹುಡುಗನನ್ನು ಹಾಗೇ ಎತ್ತಿ ಟಿವಿಗೆ ತಂದರೆ ನಿರ್ಧಾರ ಮಾಡುವವರೇ ಇಲ್ಲದಂತಾಗಿ, ಇಡೀ ಸರಣಿ ಯಾರ ಮನಸ್ಸನ್ನೂ ನೋಯಿಸದೆ, ಯಾರಿಗೂ ಹೂಂ ಅನ್ನದೆ, ಉಹೂಂ ಅನ್ನದೆ ಹನ್ನೆರಡನೇ ಕಂತಿನವರೆಗೆ ಎಳೆದಾಡಿಕೊಂಡು ಹೋಗುತ್ತದೆ. ನಿಮಗೆ ಎಲ್ಲ ಒಂದೇ ಥರ ಅನಿಸುವುದು ಇದಕ್ಕೇ. ಹುಡುಗಿಯರನ್ನು ಒಬ್ಬೊಬ್ಬರಾಗಿ ಪರಿಚಯಿಸಿ, ಆಸೆ ಹುಟ್ಟಿಸಿ, ಆಮೇಲೆ ಮರೆತೇಬಿಡುವುದು ಎಲೆ ಹಾಕಿ ಕೂರಿಸಿ ಬಡಿಸದೆ ಎಬ್ಬಿಸಿ ಕಳಿಸಿದ ಹಾಗೆ.

‘ಕ್ಲನಾಡ್’ (2007) ಈ ವಿಷಯದಲ್ಲಿ ನನ್ನ ಮಟ್ಟಿಗೆ ಎಲ್ಲಕ್ಕಿಂತ ಮೇಲು. ನಾಯಕ ತೊಮೊಯಾನ ಕಥೆ ನಾಗಿಸಾ ಜೊತೆಗೇ ಅಂತ ಶುರುವಿನಿಂದಲೇ ಗೊತ್ತಾಗುತ್ತದೆ, ಸುಮ್ನೆ ಆಟ ಆಡಿಸುವುದಿಲ್ಲ. ಟೆನಿಸ್ ಪಂದ್ಯದ ಕಂತು ನೋಡಿ. ನಾಗಿಸಾಗೆ ಪೆಟ್ಟಾಗುತ್ತದೆ, ಅವನು ಮಿಕ್ಕದ್ದೆಲ್ಲ ಮರೆತು ಅವಳ ಹತ್ತಿರ ಓಡುತ್ತಾನೆ. ಆಚೆ ನಿಂತ ಅವಳಿ ಅಕ್ಕತಂಗಿಯರಾದ ಕ್ಯೋ ಮತ್ತು ರ್ಯೋಗೆ, ತೊಮೊಯೊ ಅನ್ನುವ ಇನ್ನೊಬ್ಬಳಿಗೆ, ಮೂವರಿಗೂ ಆ ಕ್ಷಣದಲ್ಲೇ ಎಲ್ಲ ಅರ್ಥವಾಗುತ್ತದೆ. ಅಕ್ಕತಂಗಿಯರು ಅಪ್ಪಿಕೊಂಡು ಅಳುತ್ತಾರೆ. ಯಾರೂ ಅವರಿಗೆ ಏನನ್ನೂ ವಿವರಿಸಿ ಹೇಳುವುದಿಲ್ಲ. ಸೋತವರಿಗೂ ಅವರದೇ ಒಂದು ದೃಶ್ಯ ಕೊಡುವುದು ಅಂದರೆ ಇದು. ಆಮೇಲೆ ತೊಮೊಯೊಗೆ ಒಂದು, ಕ್ಯೋಗೆ ಒಂದು ಅಂತ ಬೇರೆ ಲೋಕದ ಕಥೆಯ ಹೆಸರಲ್ಲಿ ಪ್ರತ್ಯೇಕ ಕಂತು ಮಾಡಿದರು. ಅಭಿಮಾನಿಗಳಿಗೆ ಖುಷಿ, ಆದರೆ ಟೆನಿಸ್ ಅಂಗಳದ ಆ ಎರಡು ನಿಮಿಷದ ಮುಂದೆ ಅವು ಏನೂ ಅಲ್ಲ.

ಪ್ರಶ್ನೆ: ನಮ್ಮ ಹುಡುಗನಿಗೆ ಹನ್ನೆರಡು ವರ್ಷ. ‘ಸ್ಕೂಲ್ ಡೇಸ್’ ಅಂತ ಹೆಸರಿದೆ, ಶಾಲೆಯ ಕಥೆ ತಾನೇ, ನೋಡಬಹುದಾ?
– ತಾಯಿಯೊಬ್ಬರು, ಹಾಸನ

ಉತ್ತರ: ಬೇಡವೇ ಬೇಡ ಅಮ್ಮ. ಹೆಸರು ನೋಡಿ ಮೋಸ ಹೋಗಬೇಡಿ. ಹೇಳಿದೆನಲ್ಲ, ಯಾರಿಗೂ ಉಹೂಂ ಅನ್ನದ ನಾಯಕ, ಅವನು ಕೊನೆಗೆ ಎಲ್ಲಿಗೆ ಹೋಗಿ ಮುಟ್ಟುತ್ತಾನೆ ಅಂತ ತೋರಿಸುವ ಸರಣಿ ಅದು, ಕೊನೆಯಲ್ಲಿ ರಕ್ತಪಾತ ಇದೆ. 2007ರ ಸೆಪ್ಟೆಂಬರ್‌ನಲ್ಲಿ ಕೊನೆಯ ಕಂತು ಬರಬೇಕಿದ್ದ ಹಿಂದಿನ ದಿನ ಕ್ಯೋಟೊ ಪ್ರಾಂತ್ಯದಲ್ಲಿ ಹುಡುಗಿಯೊಬ್ಬಳು ತಂದೆಯನ್ನು ಕೊಡಲಿಯಿಂದ ಕೊಂದಳು. ಜಪಾನಿನ ಟಿವಿ ಕಾನಗಾವಾದವರು ಕಂತು ತಡೆದು ಅದರ ಬದಲಿಗೆ ಪ್ರಕೃತಿ ದೃಶ್ಯ ಹಾಕಿದರು, ಅದರಲ್ಲಿ ತೇಲಿದ ದೋಣಿಯೊಂದು ಇವತ್ತಿಗೂ ಅಭಿಮಾನಿಗಳ ತಮಾಷೆಯ ವಸ್ತು. ದೊಡ್ಡವರಾದರೆ ನೋಡಿ, ಹ್ಯಾರೆಮ್ ಕಥೆಗಳಿಗೆ ಅಷ್ಟು ಒರಟಾಗಿ ಉತ್ತರ ಕೊಟ್ಟದ್ದು ಕಡಿಮೆ.

ಪ್ರಶ್ನೆ: ಹೊಸಬಳು ನಾನು. ಒಂದೇ ಒಂದು ಹೆಸರು ಹೇಳಿ.
– ವಿದ್ಯಾರ್ಥಿನಿ, ಮಂಗಳೂರು

ಉತ್ತರ: ‘ಅಮಗಾಮಿ ಎಸ್‌ಎಸ್’, 2010ರದ್ದು. ಎಲ್ಲ ರೂಟ್‌ಗಳನ್ನೂ ಒಂದಕ್ಕೊಂದು ಹೊಸೆಯುವ ಗೋಜಿಗೇ ಇವರು ಹೋಗಲಿಲ್ಲ. ಆರು ನಾಯಕಿಯರು, ತಲಾ ನಾಲ್ಕು ಕಂತು, ಪ್ರತಿ ಸಲ ಎಲ್ಲ ಅಳಿಸಿ ಮತ್ತೆ ಮೊದಲಿಂದ. ಯಾರ ಹುಡುಗನನ್ನೂ ಯಾರೂ ಕಿತ್ತುಕೊಳ್ಳುವುದಿಲ್ಲ. ಕ್ರಿಸ್‌ಮಸ್ ಹಿಂದಿನ ದಿನ ಹುಡುಗಿ ಕೈಕೊಟ್ಟ ನಾಯಕ ಜುನಿಚಿಯ ಹಳೇ ಗೋಳನ್ನು ಮತ್ತೆ ಮತ್ತೆ ಕೇಳಬೇಕು, ಅದು ಸ್ವಲ್ಪ ಬೋರು. ಅನ್ಯಾಯ ಇಲ್ಲೂ ತಪ್ಪಿಲ್ಲ. ಬಾಲ್ಯದ ಗೆಳತಿ ರಿಹೊಕೊಗೆ ನಾಲ್ಕು ಕಂತು ಮುಗಿದರೂ ಪ್ರೀತಿ ಕೈಗೂಡುವುದಿಲ್ಲ, ಅದಕ್ಕೆ 2012ರ ಎರಡನೇ ಸರಣಿಯೇ ಬರಬೇಕಾಯಿತು. ಮೊದಲ ನಾಲ್ಕು ಕಂತಿನ ಹರುಕಾ ಹಿಡಿಸದಿದ್ದರೆ ಕೈಬಿಡಬೇಡಿ, ನೇರ 21ಕ್ಕೆ ಹೋಗಿ ಕ್ಲಾಸ್ ಲೀಡರ್ ತ್ಸುಕಾಸಾಳ ಡೈರಿ ಅವನ ಕೈಗೆ ಸಿಕ್ಕಮೇಲೆ ಏನಾಗುತ್ತದೆ ನೋಡಿ. ನಡುವಿನದನ್ನು ಬಿಟ್ಟರೂ ಕಥೆ ಅರ್ಥವಾಗುತ್ತದೆ.