413 ಬರುತ್ತೆ ಅಂತ ಮನೆ ಹಿಡಿಯಬೇಡಿ

ನಮಸ್ಕಾರ. ನೀವು ಬರೆದದ್ದು ಓದಿದೆ. ಬೆಂಗಳೂರಿನಿಂದ ಟೊರೊಂಟೊಗೆ ಬರುತ್ತಿದ್ದೀರಿ. ಆಫೀಸು ಡೌನ್‌ಟೌನ್‌ನಲ್ಲಿ, ಯೂನಿಯನ್ ಸ್ಟೇಷನ್ ಪಕ್ಕ. ಪರಿಚಯದವರು ಟೊರೊಂಟೊದ ವಾಯವ್ಯಕ್ಕಿರುವ ಕ್ಯಾಲಿಡನ್ ಕಡೆ ಒಂದು ಮನೆ ತೋರಿಸಿದ್ದಾರೆ. ಮನೆ ದೊಡ್ಡದು, ಬಾಡಿಗೆ ಪರವಾಗಿಲ್ಲ. "413 ಹೈವೇ ಬಂದರೆ ಓಡಾಟ ಸಲೀಸು, ಎರಡು ಕಾರು ಇಟ್ಟುಕೊಂಡರೆ ಆಯ್ತು" ಅಂದಿದ್ದಾರೆ. ಬೇಸಿಗೆಗೆ ಅಪ್ಪ-ಅಮ್ಮನೂ ಬರುತ್ತಾರೆ. ರಸ್ತೆ ಮಾಡುತ್ತೇವೆ ಅಂದರೆ ಅಲ್ಲಿನ ಜನ ಯಾಕೆ ಜಗಳ ಆಡುತ್ತಾರೆ ಅಂತಲೂ ಕೇಳಿದ್ದೀರಿ.

ಮೊದಲು ಮನೆ ವಿಷಯ. ಅದನ್ನು ಬಿಡಿ.

ಒಮ್ಮೆ ನಕ್ಷೆ ತೆಗೆದು 413 ಎಲ್ಲಿ ಬರುತ್ತದೆ ಅಂತ ನೋಡಿ. ಸುಮಾರು 52 ಕಿಲೋಮೀಟರ್ ರಸ್ತೆ. ಮಿಲ್ಟನ್ ಹತ್ತಿರ 401 ಮತ್ತು 407 ಹೈವೇಗಳು ಸೇರುವ ಕಡೆ ಶುರುವಾಗಿ, ಬ್ರಾಂಪ್ಟನ್ ಮತ್ತು ಕ್ಯಾಲಿಡನ್ ಅಂಚಿನಲ್ಲಿ ಸುತ್ತಿ, ವಾನ್ ಊರಿನಲ್ಲಿ 400 ಹೈವೇಗೆ ಸೇರುತ್ತದೆ. ಅದು ಡೌನ್‌ಟೌನ್‌ಗೆ ಹೋಗುವುದೇ ಇಲ್ಲ. ಅದರಿಂದ ಇಳಿದ ಮೇಲೆ ನೀವು ಮತ್ತೆ 400, 401, 427, ಗಾರ್ಡಿನರ್ ಈ ಹೈವೇಗಳಲ್ಲೇ ನಿಲ್ಲಬೇಕು. ಇವತ್ತು ಎಲ್ಲರೂ ನಿಂತಿರುವ ಅದೇ ಸಾಲಿನಲ್ಲಿ. ಕೆಲಸ ಶುರುವಾಗಿದ್ದೇ 2025ರಲ್ಲಿ. ಇನ್ನೂ ವರ್ಷಗಳು ಬೇಕು.

ಈಗ ಜಗಳದ ವಿಷಯ. ಇದು ಹಳೆಯ ಜಗಳ. 2018ರ ಶುರುವಿನಲ್ಲಿ, ಟೊರೊಂಟೊ ಇರುವ ಒಂಟಾರಿಯೊ ಪ್ರಾಂತ್ಯದ ಆಗಿನ ಲಿಬರಲ್ ಸರ್ಕಾರ ಈ ಯೋಜನೆಯನ್ನು ಕೈಬಿಟ್ಟಿತ್ತು. ಅವರೇ ನೇಮಿಸಿದ ತಜ್ಞರ ಸಮಿತಿ ಲೆಕ್ಕ ಹಾಕಿ, ಈ ರಸ್ತೆಯಿಂದ ಒಬ್ಬ ಚಾಲಕನಿಗೆ ಸರಾಸರಿ 30ರಿಂದ 60 ಸೆಕೆಂಡ್ ಉಳಿಯುತ್ತದೆ ಅಂದಿತ್ತು. ಆಮೇಲೆ ಬಂದ ಡಗ್ ಫೋರ್ಡ್ ಸರ್ಕಾರ 30 ನಿಮಿಷ ಉಳಿಯುತ್ತದೆ ಅಂತ ಹೇಳಿ ಯೋಜನೆಗೆ ಮತ್ತೆ ಜೀವ ಕೊಟ್ಟಿತು. ಎರಡು ಲೆಕ್ಕಕ್ಕೂ ಆಕಾಶ ಭೂಮಿ ಅಂತರ, ಅಲ್ವಾ? ಒಂದು ಎಲ್ಲ ಚಾಲಕರ ಮೇಲೆ ಹಂಚಿದ ಸರಾಸರಿ. ಇನ್ನೊಂದು ಆ ರಸ್ತೆಯ ಈ ತುದಿಯಿಂದ ಆ ತುದಿಗೆ ಓಡಿಸುವವರಿಗೆ ಸಿಗುವ ಲಾಭ. ನಿಮ್ಮ ಹಾಗೆ ಡೌನ್‌ಟೌನ್‌ಗೆ ಹೋಗುವವರು ಎರಡನೇ ಗುಂಪಿನಲ್ಲಿ ಇಲ್ಲ. ಇದರ ಜೊತೆಗೆ ಆ ದಾರಿಯಲ್ಲಿ ಒಳ್ಳೆಯ ಹೊಲಗಳಿವೆ, ಗ್ರೀನ್‌ಬೆಲ್ಟ್ ಅಂತ ಕಾಪಾಡಿಕೊಂಡು ಬಂದ ಭೂಮಿಯೂ ಇದೆ.

ಹಾಗಂತ ರಸ್ತೆ ಬೇಕು ಅನ್ನುವವರನ್ನು ದಡ್ಡರು ಅಂದುಕೊಳ್ಳಬೇಡಿ. 413 ದೊಡ್ಡ ವಿಷಯವಾಗಿದ್ದ 2022ರ ಚುನಾವಣೆಯಲ್ಲಿ ಬ್ರಾಂಪ್ಟನ್‌ನ ಐದೂ ಸ್ಥಾನ ಫೋರ್ಡ್ ಪಕ್ಷಕ್ಕೆ ಹೋದವು. ನಾನು ಇರುವುದೂ ಬ್ರಾಂಪ್ಟನ್‌ನಲ್ಲೇ. ನನ್ನ ಬೀದಿಯಲ್ಲಿ ಟ್ರಕ್ ಓಡಿಸುವವರಿದ್ದಾರೆ, ಗೋದಾಮುಗಳಲ್ಲಿ ಶಿಫ್ಟ್ ಮಾಡುವವರಿದ್ದಾರೆ. ಬೆಳಗಿನ ಜಾವ ನಾಲ್ಕಕ್ಕೆ ಬೋಲ್ಟನ್‌ನ ಗೋದಾಮಿಗೆ ಹೋಗಬೇಕಾದವರಿಗೆ ರೈಲು ಹಿಡಿ ಅಂದರೆ ಯಾವ ರೈಲು? ಅವರ ಕಷ್ಟ ನಿಜ. ಆದರೆ ಅದಕ್ಕೆ ಬೇರೆ ದಾರಿಯೂ ಇತ್ತು. ಪಕ್ಕದಲ್ಲೇ 407 ಇದೆ. 1999ರಲ್ಲಿ ಆಗಿನ ಸರ್ಕಾರ ಅದನ್ನು 3.1 ಬಿಲಿಯನ್ ಡಾಲರ್‌ಗೆ 99 ವರ್ಷ ಖಾಸಗಿಯವರಿಗೆ ಗುತ್ತಿಗೆ ಕೊಟ್ಟುಬಿಟ್ಟಿತು. ಟೋಲ್ ಎಷ್ಟಿದೆ ಅಂದರೆ ಜನ 401ರಲ್ಲಿ ನಿಂತರೂ ಪರವಾಗಿಲ್ಲ, ಅದಕ್ಕೆ ಮಾತ್ರ ಹತ್ತುವುದಿಲ್ಲ. ಲಾರಿಗಳ ಟೋಲನ್ನು ಸರ್ಕಾರವೇ ಕಟ್ಟಿ ಅವನ್ನು ಅಲ್ಲಿಗೆ ಕಳಿಸಲಿ ಅಂತ ತುಂಬ ಜನ ಕೇಳಿದರು. ನನಗೆ ಈಗಲೂ ಅದೇ ಸರಿ ಅನ್ನಿಸುತ್ತದೆ. ಹೊಸದಾಗಿ ಹೊಲ ಅಗೆಯುವ ಮುಂಚೆ, ಇರುವ ರಸ್ತೆಯನ್ನು ಬಳಸಿಕೊಳ್ಳಬೇಕಿತ್ತು.

401 ಬಗ್ಗೆ ಒಂದು ಮಾತು. ಏರ್‌ಪೋರ್ಟ್ ಹತ್ತಿರ ಅದು 18 ಲೇನ್ ಅಗಲ ಇದೆ. ದಿನಕ್ಕೆ ನಾಲ್ಕು ಲಕ್ಷಕ್ಕೂ ಜಾಸ್ತಿ ಗಾಡಿ ಓಡುವ ಜಾಗಗಳಿವೆ. ಸಂಜೆ ಐದಕ್ಕೆ ಅಲ್ಲಿ ನಿಂತು ನೋಡಿದರೆ 19ನೇ ಲೇನ್ ಏನು ಮಾಡುತ್ತದೆ ಅಂತ ಯಾರಿಗಾದರೂ ಗೊತ್ತಾಗುತ್ತದೆ. ಟೊರೊಂಟೊ ವಿಶ್ವವಿದ್ಯಾಲಯದಲ್ಲೇ ಇದ್ದ ಜೀಲ್ ಡುರಾಂಟನ್ ಮತ್ತು ಮ್ಯಾಥ್ಯೂ ಟರ್ನರ್ ಅನ್ನುವ ಅರ್ಥಶಾಸ್ತ್ರಜ್ಞರು ಅಮೆರಿಕದ ನಗರಗಳ ಲೆಕ್ಕ ತೆಗೆದು 2011ರಲ್ಲಿ ತೋರಿಸಿದರು: ಹೈವೇ ಎಷ್ಟು ಹೆಚ್ಚಾಗುತ್ತದೋ, ಓಡುವ ಗಾಡಿಯ ಕಿಲೋಮೀಟರುಗಳೂ ಹೆಚ್ಚುಕಮ್ಮಿ ಅಷ್ಟೇ ಹೆಚ್ಚಾಗುತ್ತವೆ. ರೈಲು-ಬಸ್ಸಿನ ಪರ ಇರುವವರು ಇದನ್ನು ಎಲ್ಲ ಕಡೆ ಹೇಳುತ್ತಾರೆ. ಆದರೆ ಅದೇ ಅಧ್ಯಯನದ ಇನ್ನೊಂದು ಅರ್ಧವನ್ನು ಹೇಳುವುದಿಲ್ಲ. ಬಸ್ಸು, ರೈಲು ಹೆಚ್ಚಿಸಿದರೂ ರಸ್ತೆಯ ಗಾಡಿ ಕಡಿಮೆ ಆಗುವುದು ಕಾಣಲಿಲ್ಲ ಅಂತಲೂ ಅವರು ಬರೆದಿದ್ದಾರೆ. ಒಬ್ಬ ಕಾರು ಬಿಟ್ಟು ರೈಲು ಹತ್ತಿದರೆ, ಆ ಖಾಲಿ ಜಾಗಕ್ಕೆ ಇನ್ನೊಬ್ಬ ಬರುತ್ತಾನೆ.

ನನಗೆ ಈ ವಿಷಯದಲ್ಲಿ ಮುಖ್ಯ ಅನ್ನಿಸುವುದು ಇದೇ. ರೈಲು ಬೇಕಾಗಿರುವುದು ರಸ್ತೆ ಖಾಲಿ ಮಾಡುವುದಕ್ಕಲ್ಲ. ಆ ಸಾಲಿನಲ್ಲಿ ನಿಲ್ಲಲೇಬೇಕು ಅನ್ನುವ ಬಲವಂತ ಇಲ್ಲದ ಹಾಗೆ ಮಾಡುವುದಕ್ಕೆ. "ಮೆಟ್ರೋ ಬಂದರೂ ಟ್ರಾಫಿಕ್ ಕಮ್ಮಿ ಆಗಲಿಲ್ಲ" ಅಂತ ಬೆಂಗಳೂರಿನಲ್ಲೂ ಹೇಳುತ್ತಾರಲ್ಲ, ಆ ಅಳತೆಯೇ ತಪ್ಪು. ಅಲ್ಲಿ ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ಗೆ ಸುರಂಗ ರಸ್ತೆ ಅನ್ನುತ್ತಿದ್ದಾರೆ. ಇಲ್ಲಿ ಫೋರ್ಡ್ ಅವರು 2024ರಲ್ಲಿ 401ರ ಕೆಳಗೇ ಸುರಂಗ ಕೊರೆಯುವ ಮಾತು ಎತ್ತಿದರು. ಊರು ಬದಲಾದರೂ ವಾದ ಬದಲಾಗಲಿಲ್ಲ ಅಂತ ನಿಮಗೆ ಅನ್ನಿಸಬಹುದು.

ಇಲ್ಲಿ ಸಾರಿಗೆಯ ಕಡೆಯೂ ಎಲ್ಲ ಚೆನ್ನಾಗಿಲ್ಲ. ಟೊರೊಂಟೊದ ಎಗ್ಲಿಂಟನ್ ರಸ್ತೆಯ ಲೈಟ್ ರೈಲಿಗೆ 2011ರಲ್ಲಿ ಅಗೆಯಲು ಶುರು ಮಾಡಿದರು. 2020ಕ್ಕೆ ಓಡಿಸುತ್ತೇವೆ ಅಂದಿದ್ದರು. 2025 ಮುಗಿದರೂ ಒಬ್ಬ ಪ್ರಯಾಣಿಕನೂ ಹತ್ತಲಿಲ್ಲ. ಅಷ್ಟು ವರ್ಷ ಅಂಗಡಿ ಮುಂದೆ ಬೇಲಿ ನೋಡಿದವರು ರೈಲಿನ ಮಾತೆತ್ತಿದರೆ ಸಿಟ್ಟಾಗುತ್ತಾರೆ, ಅದು ಸಹಜ. ನಮ್ಮ ಬ್ರಾಂಪ್ಟನ್ ಕಥೆ ನನಗೆ ಇನ್ನೂ ನೋವು ಕೊಡುತ್ತದೆ. ಪಕ್ಕದ ಮಿಸಿಸಾಗಾದಿಂದ ನಮ್ಮ ಡೌನ್‌ಟೌನ್‌ವರೆಗೆ ಲೈಟ್ ರೈಲು, ಹಣ ಪ್ರಾಂತ್ಯ ಸರ್ಕಾರದ್ದು. 2015ರ ಅಕ್ಟೋಬರ್‌ನಲ್ಲಿ ನಗರ ಸಭೆ 6-5 ಮತಗಳಿಂದ ಬೇಡ ಅಂದಿತು. ಒಂದೇ ಒಂದು ಮತ! ಯೋಜನೆ ಸ್ಟೀಲ್ಸ್ ರಸ್ತೆಗೆ ಮೊಟಕಾಯಿತು. ಆ ಬಿಟ್ಟುಹೋದ ತುಂಡಿಗೆ ಈಗ ನೆಲದಡಿ ಸುರಂಗ ಮಾಡುತ್ತೇವೆ ಅನ್ನುತ್ತಿದ್ದಾರೆ. ಅದಕ್ಕೆ ಎಷ್ಟು ಪಟ್ಟು ಖರ್ಚು ಅಂತ ನೀವೇ ಊಹಿಸಿ.

ಇನ್ನು ಅಪ್ಪ-ಅಮ್ಮ. ನೀವು ಇದನ್ನು ಒಂದು ಸಾಲಿನಲ್ಲಿ ಬರೆದು ಮುಂದೆ ಹೋಗಿದ್ದೀರಿ. ನಾನು ಇದನ್ನೇ ಮೊದಲು ಯೋಚಿಸಿ ಅನ್ನುತ್ತೇನೆ. ಊರಲ್ಲಿ ಅವರು ತರಕಾರಿಗೆ, ದೇವಸ್ಥಾನಕ್ಕೆ, ನೆಂಟರ ಮನೆಗೆ ಯಾರನ್ನೂ ಕೇಳದೆ ಹೋಗುತ್ತಾರೆ. ಬಸ್ಸಿಲ್ಲದ ಹೊಸ ಬಡಾವಣೆಗೆ ಬಂದ ಮೇಲೆ ಪೂರ್ತಿ ನಿಮ್ಮ ಮೇಲೆ ಬೀಳುತ್ತಾರೆ. ನೀವು ಸಂಜೆ ಬರುವ ತನಕ ಕಿಟಕಿ ಪಕ್ಕ ಕೂತಿರುತ್ತಾರೆ. ಎರಡು ತಿಂಗಳಲ್ಲಿ "ವಾಪಸ್ ಕಳಿಸಪ್ಪ" ಅನ್ನುತ್ತಾರೆ. ಇದನ್ನು ಎಷ್ಟೋ ಕನ್ನಡದ ಮನೆಗಳಲ್ಲಿ ನೋಡಿದ್ದೇನೆ. ಬ್ರಾಂಪ್ಟನ್‌ನಲ್ಲೇ ಜೂಮ್ ಅನ್ನುವ ವೇಗದ ಬಸ್ ಓಡುವ ಕ್ವೀನ್ ಅಥವಾ ಮೇನ್ ರಸ್ತೆ ಹತ್ತಿರ ಇರುವ ಹಿರಿಯರು ಒಬ್ಬರೇ ಗ್ರಂಥಾಲಯಕ್ಕೆ, ಅಂಗಡಿಗೆ ಹೋಗಿ ಬರುತ್ತಾರೆ. ಬಸ್ಸಿನಲ್ಲಿ ಅಕ್ಕಪಕ್ಕದವರ ಜೊತೆ ಅರ್ಧಂಬರ್ಧ ಹಿಂದಿಯಲ್ಲಿ ಮಾತಾಡಿಕೊಂಡು ಖುಷಿಯಾಗಿರುತ್ತಾರೆ. ಯಾವ ಅಧ್ಯಯನದ ಸೆಕೆಂಡ್ ಲೆಕ್ಕದಲ್ಲೂ ಇದು ಬರುವುದಿಲ್ಲ. ರಸ್ತೆ ಬೇಕೋ ರೈಲು ಬೇಕೋ ಅನ್ನುವ ಚರ್ಚೆಯಲ್ಲಿ ಕಾರು ಓಡಿಸದವರ ಮಾತು ಕೇಳುವುದೇ ಕಮ್ಮಿ.

ಹಾಗಾದರೆ ಎಲ್ಲಿ ಮನೆ ನೋಡಬೇಕು? ಟೊರೊಂಟೊಗೆ ಸುತ್ತಲಿನ ಊರುಗಳನ್ನು ಸೇರಿಸುವ ಗೋ ರೈಲಿನ ದಾರಿ ಹಿಡಿದು ನೋಡಿ. ಆದರೆ ಎಲ್ಲ ಗೋ ಸ್ಟೇಷನ್ನೂ ಒಂದೇ ಅಲ್ಲ, ಹೊಸಬರು ಇಲ್ಲೇ ಎಡವುತ್ತಾರೆ. ಮಿಲ್ಟನ್ ಲೈನ್‌ನ ಹಳಿ ಸರಕು ರೈಲು ಕಂಪನಿಯದು. ಹಾಗಾಗಿ ವಾರದ ದಿನಗಳಲ್ಲಿ ಬೆಳಿಗ್ಗೆ ಡೌನ್‌ಟೌನ್ ಕಡೆ, ಸಂಜೆ ವಾಪಸ್, ಅಷ್ಟೇ. ಮಧ್ಯಾಹ್ನ ಮಗುವಿಗೆ ಜ್ವರ ಅಂತ ಡೇಕೇರ್‌ನಿಂದ ಫೋನ್ ಬಂದರೆ ರೈಲಿಲ್ಲ, ಬಸ್ಸೇ ಗತಿ. ಲೇಕ್‌ಶೋರ್ ಲೈನ್ ಎಲ್ಲಕ್ಕಿಂತ ಒಳ್ಳೆಯದು, ದಿನವಿಡೀ ಓಡುತ್ತದೆ, ಬಾಡಿಗೆಯೂ ಜಾಸ್ತಿ. ಬ್ರಾಂಪ್ಟನ್ ಮೂಲಕ ಹೋಗುವ ಕಿಚನರ್ ಲೈನ್ ಇವೆರಡರ ನಡುವೆ. ಮಧ್ಯಾಹ್ನವೂ ವಾರಾಂತ್ಯವೂ ರೈಲಿದೆ.

ಮನೆಯಿಂದ ಸ್ಟೇಷನ್‌ಗೆ ಹೋಗುವ ಬಸ್ಸು ರಾತ್ರಿ ಒಂಬತ್ತಕ್ಕೆ ಎಷ್ಟು ನಿಮಿಷಕ್ಕೊಂದು ಅಂತ ನೋಡಿ. ಬೆಳಗಿನ ವೇಳಾಪಟ್ಟಿ ಎಲ್ಲ ಕಡೆ ಚೆನ್ನಾಗೇ ಇರುತ್ತದೆ. ಜನವರಿಯಲ್ಲಿ ಮೈನಸ್ 15ರ ಚಳಿಯಲ್ಲಿ ಬಸ್‌ಸ್ಟಾಪಿನಲ್ಲಿ ಹತ್ತು ನಿಮಿಷ ತಡೆಯಬಹುದು, ನಲವತ್ತು ನಿಮಿಷ ಆಗುವುದಿಲ್ಲ. ಬಂದ ದಿನವೇ ಇಲ್ಲಿನ ಬಸ್ಸು-ರೈಲಿಗೆ ದುಡ್ಡು ಕಟ್ಟುವ ಪ್ರೆಸ್ಟೊ ಕಾರ್ಡ್ ತೆಗೆದುಕೊಳ್ಳಿ. 2024ರ ಫೆಬ್ರವರಿಯಿಂದ ಬ್ರಾಂಪ್ಟನ್ ಬಸ್, ಗೋ ರೈಲು, ಟೊರೊಂಟೊದ ಬಸ್ಸು-ಮೆಟ್ರೋ ನಡೆಸುವ ಟಿಟಿಸಿ ನಡುವೆ ಬದಲಾಯಿಸಿದರೆ ಎರಡೆರಡು ಸಲ ಟಿಕೆಟ್ ದುಡ್ಡು ಹೋಗುವುದಿಲ್ಲ. ಮುಂಚೆ ಇದೇ ದೊಡ್ಡ ಹೊರೆಯಾಗಿತ್ತು.

ಕಾರು ಬೇಡ ಅಂತ ನಾನು ಹೇಳುತ್ತಿಲ್ಲ. ಮಕ್ಕಳಿರುವ ಮನೆಗೆ ಇಲ್ಲಿ ಒಂದು ಕಾರು ಬೇಕಾಗುತ್ತದೆ. ಊರಿನ ಡ್ರೈವಿಂಗ್ ಲೈಸೆನ್ಸ್ ಮತ್ತು ಅದರ ಅನುಭವದ ಪತ್ರ ಮರೆಯದೆ ತನ್ನಿ. ಎರಡನೇ ಕಾರು ಮಾತ್ರ ತಡೆಯಿರಿ. ಹೊಸಬರಿಗೆ, ಅದರಲ್ಲೂ ಬ್ರಾಂಪ್ಟನ್ ವಿಳಾಸಕ್ಕೆ ಇನ್ಶೂರೆನ್ಸ್ ಕೈ ಸುಡುತ್ತದೆ. ಅದರ ಕಂತು, ಇನ್ಶೂರೆನ್ಸ್, ಡೌನ್‌ಟೌನ್ ಪಾರ್ಕಿಂಗ್ ಕೂಡಿಸಿ, ಕ್ಯಾಲಿಡನ್ ಮನೆಯಲ್ಲಿ ಉಳಿಯುವ ಬಾಡಿಗೆ ಪಕ್ಕ ಇಟ್ಟು ನೋಡಿ. ಕಿಚನರ್ ಲೈನ್‌ನ ಬ್ರಾಮಲೀ ಅಥವಾ ಮೌಂಟ್ ಪ್ಲೆಸೆಂಟ್ ಸ್ಟೇಷನ್ ಹತ್ತಿರ ಸಿಗುವ ಎರಡು-ಮೂರು ಮನೆಗಳ ವಿಳಾಸ ಕಳಿಸಿ. ಅಲ್ಲಿಂದ ಯಾವ ಬಸ್ಸು, ನಡೆದರೆ ಎಷ್ಟು ದೂರ, ಹಿಮ ಬಿದ್ದಾಗ ಆ ಫುಟ್‌ಪಾತ್ ಹೇಗಿರುತ್ತದೆ ಅಂತ ಹೋಗಿ ನೋಡಿ ಬರೆಯುತ್ತೇನೆ.